ಮೇವಿಸ್‌ಗಾಗಿ ಅಳೆದ ಕಾಡು

ವರ್ಲಿನ್ ಹಾಗ್ಡಾಲ್ ನಲವತ್ತು ವರ್ಷ ಹಾಲಿನ ಟ್ಯಾಂಕರ್ ಓಡಿಸಿದ ಮನುಷ್ಯ. ಸುತ್ತಮುತ್ತಲಿನ ಯಾವ ಡೇರಿಗೆ ಯಾವ ತಿರುವಿನಲ್ಲಿ ಹೋಗಬೇಕು, ಜನವರಿಯಲ್ಲಿ ಯಾವ ಸೇತುವೆ ಜಾರುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ಕುದುರೆಯ ವಿಷಯದಲ್ಲಿ ಮಾತ್ರ ಸೊನ್ನೆ. ಹೆಂಡತಿ ಮೇವಿಸ್‌ಗೆ ಕುದುರೆ ಎಂದರೆ ಪ್ರಾಣ. ಇವನಿಗೆ ಅದು ಹತ್ತಿರ ಬಂದರೆ ಪ್ರಾಣ ಹೋಗುತ್ತಿತ್ತು. ಮದುವೆಯಾಗಿ ನಲವತ್ತಾರು ವರ್ಷವಾದರೂ ಒಂದು ದಿನ ಜೀನಿನ ಮೇಲೆ ಕೂತವನಲ್ಲ.

ನಾನು ಬರ್ನೀಸ್. ಮಿನಿಯಾಪೊಲಿಸ್‌ನಿಂದ ದಕ್ಷಿಣಕ್ಕೆ ಒಂದು ಗಂಟೆ ದಾರಿಯ ಈ ಊರಿನಲ್ಲಿ ಮೇವಿನ ಅಂಗಡಿ ಇಟ್ಟುಕೊಂಡು ಮೂವತ್ತು ವರ್ಷವಾಯಿತು. ನನ್ನ ಬಾಯಿ ಜೋರು ಎನ್ನುತ್ತಾರೆ. ಜೋರೇ. ಮೆತ್ತಗೆ ಮಾತಾಡುವವರ ಅಂಗಡಿಯಲ್ಲಿ ಹುಲ್ಲು ಸಾಲಕ್ಕೇ ಖಾಲಿಯಾಗುತ್ತದೆ. ಮೇವಿಸ್ ನನ್ನ ಗೆಳತಿ. ಪ್ರತಿ ವರ್ಷ ಎಲೆ ಕೆಂಪಾಗುವ ಹೊತ್ತಿಗೆ ನಾವಿಬ್ಬರೂ ಇನ್ನಿಬ್ಬರು ಹೆಂಗಸರೂ ಕುದುರೆಗಳನ್ನು ಟ್ರೇಲರಿಗೆ ಹತ್ತಿಸಿಕೊಂಡು ನಗರದ ಸುತ್ತಿನ ಕಾಡಿನ ಪಾರ್ಕುಗಳಲ್ಲಿ ಒಂದಕ್ಕೆ ಹೋಗಿ ಮೂರು ದಿನ ಬಿಡಾರ ಹಾಕುತ್ತಿದ್ದೆವು. ವರ್ಲಿನ್ ಟ್ರಕ್ ಓಡಿಸಲು ಬರುತ್ತಿದ್ದ. ನಾವು ಸವಾರಿ ಹೋದರೆ ಅವನು ಮಡಚುವ ಕುರ್ಚಿಯ ಮೇಲೆ ಕೂತು ಮೊಟ್ಟೆ ಹುರಿಯುತ್ತಿದ್ದ.

ಆಮೇಲೆ ಒಂದು ಆಗಸ್ಟ್‌ನಲ್ಲಿ ಮೇವಿಸ್‌ಗೆ ಪಾರ್ಶ್ವವಾಯು ಬಡಿಯಿತು. ಮಾತು ಬೇಗ ಬಂತು. ಎಡಗೈ ಅರ್ಧ ಬಂತು. ಎಡಗಾಲು ಮಾತ್ರ ಸತಾಯಿಸಿತು. ನಡೆಯುತ್ತಾಳೆ, ಆದರೆ ಆ ಕಾಲನ್ನು ಎಳೆದುಕೊಂಡು. ಆ ವರ್ಷ ನಾವು ಯಾರೂ ಕಾಡಿಗೆ ಹೋಗಲಿಲ್ಲ.

ನವೆಂಬರ್‌ನಲ್ಲಿ ವರ್ಲಿನ್ ನನ್ನ ಅಂಗಡಿಗೆ ಬರತೊಡಗಿದ. ಪ್ರತಿ ಗುರುವಾರ ಮೇವಿಸ್‌ಳನ್ನು ಪಕ್ಕದ ಬೀದಿಯ ವ್ಯಾಯಾಮದ ಕ್ಲಿನಿಕ್‌ನಲ್ಲಿ ಬಿಟ್ಟು, ನನ್ನ ಒಲೆಯ ಹತ್ತಿರ ಓಟ್ಸ್ ಮೂಟೆಯ ಮೇಲೆ ಕೂತು, ಕೋಟಿನೊಳಗಿಂದ ನಕಾಶೆಗಳನ್ನು ತೆಗೆಯುತ್ತಿದ್ದ. ಮೂರು ಪಾರ್ಕು, ಮೂರು ನಕಾಶೆ. ಓಕ್ ಕಣಿವೆ, ಕೊಕ್ಕರೆ ಕೆರೆ, ಮೇಪಲ್ ದಿಬ್ಬ.

"ಮುಂದಿನ ಸೆಪ್ಟೆಂಬರ್‌ಗೆ ಅವಳು ಕುದುರೆ ಹತ್ತಿರ್ತಾಳೆ," ಎಂದ. "ಆಗ ಜಾಗ ಹುಡುಕ್ತಾ ಕೂತ್ಕೊಳ್ಳೋಕಾಗುತ್ತಾ? ಈಗ್ಲೇ ಎಲ್ಲಾ ಗೊತ್ತು ಮಾಡ್ಬೇಕು. ಅವಳಿಗೆ ಹೇಳ್ಬೇಡ."

"ಹೇಳಿದ್ರೆ ಏನಾಗುತ್ತೆ?"

"ಆಸೆ ಆಗುತ್ತೆ."

ನಾನು ಅವನಿಗೊಂದು ಲೋಟ ಕಾಫಿ ಬಗ್ಗಿಸಿಕೊಟ್ಟೆ. 

ಆ ಚಳಿಗಾಲವಿಡೀ ಅವನು ಕಾಡನ್ನು ತಂದು ನನ್ನ ಅಂಗಡಿಯಲ್ಲಿ ಹರವಿದ. ಹೊರಗೆ ಹಿಮ ಸುರಿಯುತ್ತಿತ್ತು, ಒಲೆಯ ಮೇಲೆ ಕಾಫಿ ಕುದಿಯುತ್ತಿತ್ತು, ವರ್ಲಿನ್ ಬೆರಳಿನಿಂದ ನಕಾಶೆಯ ಮೇಲೆ ನಿಧಾನ ನಡೆಯುತ್ತಿದ್ದ. ಇಲ್ಲಿ ದಾರಿ ತಗ್ಗಿಗೆ ಇಳಿಯುತ್ತೆ, ಇಲ್ಲಿ ಎರಡೂ ಕಡೆ ಬೆಳ್ಳನೆಯ ಬರ್ಚ್ ಮರ, ಇಲ್ಲಿಗೆ ಬಂದರೆ ನೀರಿನ ಸದ್ದು ಮೊದಲು ಕೇಳುತ್ತೆ, ಆಮೇಲೆ ಹೊಳೆ ಕಾಣುತ್ತೆ. ನಾನು ಗೋಧಿ ಹೊಟ್ಟು ತೂಗುತ್ತಾ ಕೇಳುತ್ತಿದ್ದೆ. ಕೇಳುತ್ತಾ ಕೇಳುತ್ತಾ ತಕ್ಕಡಿ ಮರೆತುಹೋಗುತ್ತಿತ್ತು. ಗಿರಾಕಿ ಕೆಮ್ಮಿದಾಗಲೇ ನನಗೆ ನಾನು ಅಂಗಡಿಯಲ್ಲಿ ಇದ್ದೇನೆ ಎಂದು ನೆನಪಾಗುತ್ತಿತ್ತು. ಇಪ್ಪತ್ತು ವರ್ಷ ಕಾಡಿನಲ್ಲಿ ಕುದುರೆಯ ಮೇಲೆ ತಿರುಗಿದವಳು ನಾನು. ಕುರ್ಚಿಯ ಮೇಲೆ ಕೂತು ಮೊಟ್ಟೆ ಹುರಿದವನ ಬಾಯಲ್ಲಿ ಅಂಥದೇ ಕಾಡು ಹೊಸದಾಗಿ ಕಾಣುತ್ತಿತ್ತು. ನನಗೆ ಒಳಗೊಳಗೇ ಹೊಟ್ಟೆಯುರಿಯಾಯಿತು ಎಂದರೂ ತಪ್ಪಿಲ್ಲ.

ಅವನು ನಕಾಶೆ ನೋಡಿ ಹೇಳುತ್ತಿರಲಿಲ್ಲ, ನಡೆದು ನೋಡಿ ಹೇಳುತ್ತಿದ್ದ. ಭಾನುವಾರ ಚರ್ಚ್ ಮುಗಿಸಿ, ಮೇವಿಸ್ ಮಧ್ಯಾಹ್ನ ಮಲಗಿದಾಗ, ಟ್ರಕ್ಕಿನಲ್ಲಿ ಒಂದು ಉದ್ದನೆಯ ಕೋಲು ಹಾಕಿಕೊಂಡು ಹೋಗುತ್ತಿದ್ದ. ಎಂಟೂವರೆ ಅಡಿ ಕೋಲು. ಮೇವಿಸ್‌ಳ ಕುದುರೆ ಟಿಲ್ಲಿಯ ಬೆನ್ನು ಎಷ್ಟು ಎತ್ತರ, ಅದರ ಮೇಲೆ ಕೂತ ಮೇವಿಸ್ ಎಷ್ಟು ಎತ್ತರ, ಅವಳ ಹ್ಯಾಟು ಎಷ್ಟು ಎತ್ತರ, ಎಲ್ಲ ಕೂಡಿಸಿ ಕೊಯ್ದುಕೊಂಡದ್ದು. ಆ ಕೋಲನ್ನು ನೆಟ್ಟಗೆ ಹಿಡಿದು ಇಡೀ ದಾರಿ ನಡೆಯುವುದು, ಎಲ್ಲಿ ಕೊಂಬೆ ತಾಗುತ್ತದೋ ಅಲ್ಲಿ ನಕಾಶೆಯ ಮೇಲೆ ಒಂದು ಕೆಂಪು ಚುಕ್ಕೆ.

"ಅಲ್ವೋ ಮಾರಾಯ, ಹಿಮದ ಮೇಲೆ ನಿಂತ್ಕೊಂಡು ಅಳೆದ್ರೆ ಲೆಕ್ಕ ತಪ್ಪಲ್ವಾ?" ಎಂದೆ.

"ಹಿಮಾನೂ ಅಳೆದೆ."

ನಾನು ನಕಾಶೆ ಎಳೆದುಕೊಂಡು ಚುಕ್ಕೆ ಎಣಿಸಿದೆ.

ಓಕ್ ಕಣಿವೆಯಲ್ಲಿ ಹದಿನೇಳು ಕೆಂಪು ಚುಕ್ಕೆ. ಅದು ಹೋಯಿತು. ಮೇಪಲ್ ದಿಬ್ಬದಲ್ಲಿ ಕುದುರೆ ಕಟ್ಟಲು ಹಗ್ಗ ಎಳೆಯಬೇಕಾದ ಮರಗಳು ಒಂದಕ್ಕೊಂದು ದೂರ, ನೀರಿನ ಕೈಪಂಪು ಇನ್ನೂ ದೂರ. ಕೊನೆಗೆ ಕೊಕ್ಕರೆ ಕೆರೆ ಉಳಿಯಿತು. ಬಿಡಾರದ ಜಾಗದಿಂದ ಹೊರಟು, ಕೆರೆ ಬಳಸಿ, ಬರ್ಚ್ ತೋಪಿನೊಳಗೆ ಹಾದು ಮತ್ತೆ ಬಿಡಾರಕ್ಕೇ ಬರುವ ದಾರಿ, ಎರಡು ಮೈಲಿ, ಒಂದೇ ಒಂದು ಕೆಂಪು ಚುಕ್ಕೆ. ಬುಕಿಂಗ್ ತೆರೆದ ಬೆಳಿಗ್ಗೆಯೇ ಕೂತು ಸೆಪ್ಟೆಂಬರ್ ಕೊನೆಯ ವಾರಕ್ಕೆ ಜಾಗ ಹಿಡಿದ. ಪಾರ್ಕಿನವರು ಕೇಳುವ ರಕ್ತಪರೀಕ್ಷೆಯ ಕಾಗದವನ್ನು ಟಿಲ್ಲಿಗೆ ಮಾಡಿಸಿದ. ಪಾರ್ಕಿನವರು ಕಳೆಬೀಜವಿಲ್ಲದ ಹುಲ್ಲನ್ನಷ್ಟೇ ಒಳಗೆ ಬಿಡುತ್ತಾರೆ. ಅದಕ್ಕೆ ಚೀಟಿ ಇರುವ ಎಂಟು ಕಟ್ಟು ನನ್ನ ಹತ್ತಿರವೇ ಮುಂಗಡ ಹೇಳಿಟ್ಟ. ಹುಲ್ಲು ಇನ್ನೂ ನೆಲದಿಂದ ಮೇಲೆದ್ದಿರಲಿಲ್ಲ.

ಏಪ್ರಿಲ್‌ನಲ್ಲಿ ಎಲ್ಲ ಕೆಟ್ಟಿತು.

ಹಿಮ ಕರಗಿತ್ತು, ಬಿಸಿಲಿತ್ತು. ವೈದ್ಯರು ಹೆಲ್ಮೆಟ್ ಹಾಕಿಕೊಂಡು, ಜನ ಪಕ್ಕದಲ್ಲಿದ್ದರೆ, ಮೆತ್ತನೆಯ ಕುದುರೆಯ ಮೇಲೆ ಕೂರಬಹುದು ಎಂದಿದ್ದರು. ಮೇವಿಸ್ ತಾನಾಗಿಯೇ ನನಗೆ ಫೋನ್ ಮಾಡಿದಳು, "ಬರ್ರೇ, ಹತ್ತಿ ನೋಡ್ತೀನಿ." ನಾವು ಮೂವರು ಗೆಳತಿಯರೂ ಹೋದೆವು. ಹತ್ತುವ ಮೆಟ್ಟಿಲನ್ನು ಟಿಲ್ಲಿಯ ಪಕ್ಕಕ್ಕೆ ಇಟ್ಟೆವು. ಮೇವಿಸ್ ಎಡಗಾಲನ್ನು ಕೈಯಿಂದ ಎತ್ತಿ, ಜೀನಿನಿಂದ ಪಾದಕ್ಕೆಂದು ನೇತಾಡುವ ರಿಕಾಪಿನೊಳಗೆ ಇಟ್ಟಳು, ಭಾರ ಹಾಕಿದಳು, ಕಾಲು ಮಡಚಿಕೊಂಡಿತು. ಮತ್ತೆ ಇಟ್ಟಳು. ಮತ್ತೆ ಮಡಚಿಕೊಂಡಿತು. ಮೂರನೆಯ ಸಲ ನಮ್ಮ ಕೈ ತಪ್ಪಿ ಮೆಟ್ಟಿಲಿಗೂ ಕುದುರೆಗೂ ನಡುವೆ ಕೆಸರಿನಲ್ಲಿ ಬಿದ್ದಳು. ಟಿಲ್ಲಿ ಒಂದು ಗೊರಸು ಅಲುಗಿಸಲಿಲ್ಲ, ದೇವರು ದೊಡ್ಡವನು. ಮೇವಿಸ್ ಅಳಲಿಲ್ಲ. ಎದ್ದು ಕೆಸರು ಒರೆಸಿಕೊಂಡು ಗಂಡನಿಗೆ ಹೇಳಿದಳು:

"ಮಾರ್‌ಬಿಡು."

ಆಮೇಲೆ ಲಾಯದ ಕಡೆ ಮುಖ ಮಾಡುವುದನ್ನೇ ಬಿಟ್ಟಳು. ಅಡಿಗೆಮನೆಯ ಕಿಟಕಿಯಿಂದ ಟಿಲ್ಲಿ ಕಾಣುತ್ತದೆಂದು ಪರದೆ ಎಳೆದಳು. ಮೇ ತಿಂಗಳ ಕೊನೆಗೆ ಪಕ್ಕದ ರಾಜ್ಯ ವಿಸ್ಕಾನ್ಸಿನ್‌ನ ಒಂದು ಮನೆಯವರು ಟಿಲ್ಲಿಯನ್ನು ನೋಡಿ ಕೊಳ್ಳಲು ಒಪ್ಪಿದರು. ಅವರ ಲಾಯ ಕಟ್ಟಿ ಮುಗಿಯುವುದು ಸೆಪ್ಟೆಂಬರ್ ಕೊನೆಗೆ. ಅಕ್ಟೋಬರ್ ಮೊದಲ ಸೋಮವಾರ ಬಂದು ಕರೆದುಕೊಂಡು ಹೋಗುತ್ತೇವೆ ಎಂದರು. ಮೇವಿಸ್ ಹೂಂ ಎಂದಳು. ಅವಳು ಅನ್ನ ಬಿಟ್ಟವರ ಹಾಗೆ ಒಣಗುತ್ತಿದ್ದಳು, ಅದು ನಮ್ಮೆಲ್ಲರಿಗೂ ಕಾಣುತ್ತಿತ್ತು. ಆ ಕುದುರೆ ಹೋದರೆ ಇವಳೂ ಉಳಿಯುವುದಿಲ್ಲ ಎಂದು ನನಗೆ ಭಯವಾಯಿತು. ಹಾಗೆಂದು ವರ್ಲಿನ್‌ಗೆ ನಾನು ಹೇಳಲಿಲ್ಲ. ಅವನ ಮುಖ ನೋಡಿದರೆ ಅವನಿಗೂ ಅದೇ ಭಯ ಹಿಡಿದಿತ್ತು.

ಜೂನ್ ಮೊದಲ ಗುರುವಾರ ಅವನು ಬಂದು ಮೂಟೆಯ ಮೇಲೆ ಕೂತ. ಕೋಟಿಲ್ಲ, ನಕಾಶೆಯೂ ಇಲ್ಲ.

"ಬರ್ನೀಸ್, ಒಂದು ದಡ್ಡ ಪ್ರಶ್ನೆ ಕೇಳ್ತೀನಿ, ಬೈಬೇಡ."

"ಕೇಳು. ಬೈಯೋದು ಆಮೇಲೆ ನೋಡೋಣ."

"ಕುದುರೆಗೆ ಬಲಗಡೇನೂ ಒಂದು ರಿಕಾಪು ಇದೆ ಅಲ್ವಾ?"

"ಇದೆ. ಯಾರಾದ್ರೂ ಕದ್ರಾ?"

"ಮೇವಿಸ್ ಬಲಗಾಲು ಗಟ್ಟಿಯಾಗಿದೆ. ಆ ಕಡೆಯಿಂದ ಯಾಕೆ ಹತ್ತಬಾರ್ದು?"

ನಾನು ಬಾಯಿಬಿಟ್ಟು ನಕ್ಕೆ. ಕುದುರೆಯನ್ನು ಬಲಗಡೆಯಿಂದ ಯಾರಾದರೂ ಹತ್ತುತ್ತಾರೆಯೇ? ಹುಟ್ಟಿದಾಗಿನಿಂದ ನಾನು ಎಡಗಡೆಯಿಂದ ಹತ್ತಿದ್ದೇನೆ, ನನ್ನಪ್ಪ ಎಡಗಡೆಯಿಂದ ಹತ್ತಿದ್ದ, ಅವನಪ್ಪನೂ ಹಾಗೆಯೇ. ಯಾಕೆಂದರೆ ಹಿಂದಿನ ಕಾಲದ ಸಿಪಾಯಿಗಳು ಸೊಂಟದ ಎಡಕ್ಕೆ ಕತ್ತಿ ಕಟ್ಟುತ್ತಿದ್ದರಂತೆ, ಬಲಗಡೆಯಿಂದ ಹತ್ತಿದರೆ ಅದು ಅಡ್ಡ ಬರುತ್ತಿತ್ತಂತೆ. ಹೀಗೆಂದು ಅವನಿಗೆ ವಿವರಿಸಲು ಬಾಯಿ ತೆರೆದವಳು ಅರ್ಧಕ್ಕೇ ನಿಲ್ಲಿಸಿದೆ. ಮೇವಿಸ್ ಸೊಂಟದಲ್ಲಿ ಯಾವ ಕತ್ತಿ ಇತ್ತು?

ನನಗೆ ಎಷ್ಟು ನಾಚಿಕೆಯಾಯಿತೆಂದರೆ ಎದ್ದು ಹೋಗಿ ಹಿಂದಿನ ಗೋದಾಮಿನಲ್ಲಿ ಸ್ವಲ್ಪ ಹೊತ್ತು ನಿಂತೆ. ಮೂರು ಹೆಂಗಸರು, ಎಲ್ಲರದೂ ಸೇರಿ ನೂರೈವತ್ತು ವರ್ಷದ ಸವಾರಿ. ಅವಳನ್ನು ಮೂರು ಸಲ ಒಂದೇ ಕಡೆಯಿಂದ ಹತ್ತಿಸಲು ಹೋಗಿ ಕೆಸರಿಗೆ ಬೀಳಿಸಿದ್ದೆವು. ಇನ್ನೊಂದು ಕಡೆ ಇದೆ ಎಂಬುದು ಕುದುರೆ ಗೊತ್ತಿಲ್ಲದವನಿಗೆ ಹೊಳೆಯಬೇಕಾಯಿತು.

ತಿರುಗಿ ಬಂದು ಹೇಳಿದೆ, "ಆಗುತ್ತೆ. ಆದ್ರೆ ಟಿಲ್ಲಿಗೆ ಹದಿನೆಂಟು ವರ್ಷ. ಆ ಕಡೆಯಿಂದ ಯಾರೂ ಹತ್ತಿಲ್ಲ. ಹತ್ತೋಕೆ ಹೋದ್ರೆ ಬೆದರ್ತಾಳೆ. ಮೊದಲು ಅವಳಿಗೆ ಅಭ್ಯಾಸ ಮಾಡಿಸ್ಬೇಕು."

"ಮಾಡ್ಸು."

"ನನ್ನ ಸೊಂಟ ನೋಡಿದೀಯಾ? ಹೋದ ವರ್ಷ ಬದಲಾಯ್ಸಿದ್ದು. ಎಡಗಡೆಯಿಂದ ಒಂದ್ಸಲ ಹತ್ತೋದ್ರಲ್ಲಿ ಸಾಕುಸಾಕಾಗುತ್ತೆ ನನಗೆ. ಉಳಿದವರಿಬ್ಬರಿಗೆ ಹೇಳಿದ್ರೆ ಸಂಜೆಯೊಳಗೆ ಮೇವಿಸ್ ಕಿವಿಗೆ ಬೀಳುತ್ತೆ."

ಅವನು ಮೂಟೆಯಿಂದ ಎದ್ದು ನಿಂತ. ಎಪ್ಪತ್ತೊಂದು ವರ್ಷದ ಮನುಷ್ಯ.

"ಹಾಗಾದ್ರೆ ನಾನೇ," ಎಂದ.

ಮಂಗಳವಾರ ಮತ್ತು ಗುರುವಾರ ಚರ್ಚಿನ ಕಡೆಯ ಒಬ್ಬಾಕೆ ಮೇವಿಸ್‌ಳನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗುವ ಏರ್ಪಾಡಾಯಿತು. ನಾನು ಅಂಗಡಿಗೆ ಬೀಗ ಹಾಕಿ ಅವನ ಹೊಲಕ್ಕೆ ಹೋಗುತ್ತಿದ್ದೆ. ಮೊದಲ ದಿನ ಅವನು ಮೆಟ್ಟಿಲು ಹತ್ತಿ ಟಿಲ್ಲಿಯ ಬಲಕ್ಕೆ ಅರ್ಧ ಗಂಟೆ ನಿಂತ, ಅಷ್ಟೆ. ಟಿಲ್ಲಿ ಕತ್ತು ತಿರುಗಿಸಿ, ಈ ಮುದುಕ ದಾರಿ ತಪ್ಪಿ ಬಂದಿದ್ದಾನೆ ಎನ್ನುವಂತೆ ನೋಡಿತು. ಎರಡನೆಯ ವಾರ ಜೀನಿನ ಮೇಲೆ ಹೊಟ್ಟೆ ಹಾಕಿ ಮೂಟೆಯ ಹಾಗೆ ಮಲಗಿದ. ಜುಲೈನಲ್ಲಿ ಒಮ್ಮೆ ಟಿಲ್ಲಿ ಪಕ್ಕಕ್ಕೆ ಸರಿದು ಅವನು ದೊಪ್ಪೆಂದು ಬಿದ್ದ.  ಅವನು ಹುಲ್ಲಿನ ಮೇಲೆ ಅಂಗಾತ ಬಿದ್ದು ಆಕಾಶ ನೋಡುತ್ತಾ, "ಇಷ್ಟೇನಾ ಬೀಳೋದು ಅಂದ್ರೆ?" ಎಂದ.

ಆಗಸ್ಟ್ ಹೊತ್ತಿಗೆ ಹತ್ತಿ ಕೂರುತ್ತಿದ್ದ. ಸುಮ್ಮನೆ ಹತ್ತುತ್ತಿರಲಿಲ್ಲ. ಮೇವಿಸ್‌ಳ ಎಡಗಾಲು ಕುದುರೆಯ ಸೊಂಟದ ಮೇಲೆ ಎಳೆದುಕೊಂಡೇ ದಾಟುತ್ತದೆ ಎಂದು ತನ್ನ ಕಾಲನ್ನೂ ಬೇಕೆಂದೇ ಹಾಗೆ ಎಳೆಯುತ್ತಿದ್ದ. ಟಿಲ್ಲಿ ಅದಕ್ಕೂ ಒಗ್ಗಿತು. ಕುದುರೆ ನಡೆಸುವುದಕ್ಕೆ ಮಾತ್ರ ವರ್ಲಿನ್ ಒಪ್ಪಲಿಲ್ಲ. "ಅದೊಂದು ಹೇಳ್ಬೇಡ, ಬರ್ನೀಸ್. ಹತ್ತಿಸೋದು ನನ್ನ ಕೆಲ್ಸ, ಓಡಿಸೋದು ಅವಳ ಕೆಲ್ಸ." ಹತ್ತುವುದು, ಇಪ್ಪತ್ತು ಎಣಿಸುವುದು, ಇಳಿಯುವುದು. ಬೇಸಿಗೆಯ ಬಿಸಿಲಿನಲ್ಲಿ, ಮಿಡತೆಗಳ ಸದ್ದಿನ ನಡುವೆ, ಒಂದು ಕುದುರೆ ಅಲುಗದೆ ನಿಂತಿರುತ್ತಿತ್ತು, ಅದರ ಮೇಲೆ ಒಬ್ಬ ಮುದುಕ ಕಣ್ಣು ಮುಚ್ಚಿ ಎಣಿಸುತ್ತಿದ್ದ. ನಾನು ಬೇಲಿಗೆ ಒರಗಿ ನೋಡುತ್ತಿದ್ದೆ. ಕನಸಿನಲ್ಲಿ ಕಂಡದ್ದೋ ನಿಜವಾಗಿ ಕಂಡದ್ದೋ ಎಂದು ಈಗ ನನಗೇ ಅನುಮಾನ ಬರುತ್ತದೆ.

ಮೇವಿಸ್‌ಳನ್ನು ಹೊರಡಿಸುವುದು ಸುಲಭವಾಗಲಿಲ್ಲ.

"ಕೊನೇ ಸಲ ಕಣೇ," ಎಂದ ವರ್ಲಿನ್. "ಟಿಲ್ಲಿ ಹೋಗೋ ಮುಂಚೆ ಅವಳಿಗೊಂದು ಕಾಡು ತೋರಿಸ್ಕೊಂಡು ಬರೋಣ. ನೀನು ಕುರ್ಚಿ ಮೇಲೆ ಕೂತಿರು ಸಾಕು."

"ನಿನ್ನ ಕುರ್ಚಿ ಮೇಲಾ?"

"ಇನ್ನೊಂದು ತಗೊಂಡಿದೀನಿ."

ಸೆಪ್ಟೆಂಬರ್ ಕೊನೆಯ ಶುಕ್ರವಾರ ಮೂವರೂ ಹೊರಟೆವು. ಟಿಲ್ಲಿಯ ಜೊತೆಗೆ ನನ್ನ ಕುದುರೆ ಮೋಸ್ ಇತ್ತು. ಕೊಕ್ಕರೆ ಕೆರೆಯಲ್ಲಿ ಎಲ್ಲವೂ ಅವನು ಓಟ್ಸ್ ಮೂಟೆಯ ಮೇಲೆ ಕೂತು ಹೇಳಿದ ಹಾಗೆಯೇ ಇತ್ತು. ಹಗ್ಗ ಎಳೆಯಲು ಸರಿಯಾದ ದೂರದ ಎರಡು ಓಕ್ ಮರ, ಹತ್ತು ಹೆಜ್ಜೆಗೆ ನೀರು, ಬೆಳಗಿನ ಬಿಸಿಲು ಮೊದಲು ಬೀಳುವ ಮೂಲೆಯಲ್ಲಿ ಮೇಜು. ಸಂಜೆ ಕಾಡುಅಕ್ಕಿಯ ಸೂಪು ಕುಡಿದೆವು. ಮೇವಿಸ್ ಕುದುರೆಗಳಿಗೆ ಬೆನ್ನು ಹಾಕಿ ಕೂತಿದ್ದಳು.

ಬೆಳಿಗ್ಗೆ ಕೆರೆಯಿಂದ ಮಂಜು ಏಳುತ್ತಿತ್ತು. ನಾನು ಮೋಸ್‌ನ ಮೇಲೆ ಹತ್ತಿ ಕಾದೆ. ಬಿಡಾರದ ಪಕ್ಕದಲ್ಲಿ ಸೊಂಟದೆತ್ತರದ ಒಂದು ಮಣ್ಣಿನ ದಿಬ್ಬವಿದೆ. ಆ ದಿಬ್ಬಕ್ಕಾಗಿಯೇ ಅವನು ಜೂನ್‌ನಲ್ಲಿ ಮತ್ತೆ ಬಂದು, ಹಿಡಿದಿದ್ದ ಜಾಗ ಬಿಟ್ಟು ಪಕ್ಕದ್ದು ಹಾಕಿಸಿಕೊಂಡಿದ್ದ. ಈಗ ಟಿಲ್ಲಿಯನ್ನು ತಂದು ದಿಬ್ಬಕ್ಕೆ ತಾಗಿಸಿ ನಿಲ್ಲಿಸಿದ, ಬಲಮಗ್ಗುಲು ದಿಬ್ಬದ ಕಡೆಗೆ.

ಮೇವಿಸ್ ಕಾಫಿಯಿಂದ ಕಣ್ಣೆತ್ತಿ ನೋಡಿದಳು. "ಕುದುರೆನ ಉಲ್ಟಾ ನಿಲ್ಸಿದೀಯ."

"ಉಲ್ಟಾ ಅಲ್ಲ. ನಿನ್ನ ಬಲಗಾಲಿಗೆ ಸರಿಯಾಗಿ ನಿಲ್ಸಿದೀನಿ."

ಅವಳು ಲೋಟ ಮೇಜಿನ ಮೇಲಿಟ್ಟಳು. ದಿಬ್ಬ ನೋಡಿದಳು, ರಿಕಾಪು ನೋಡಿದಳು, ತನ್ನ ಬಲಮೊಣಕಾಲು ನೋಡಿಕೊಂಡಳು. ಆಮೇಲೆ ಸಿಟ್ಟಿನಿಂದ ಮುಖ ಕೆಂಪಾಯಿತು.

"ಇನ್ನೊಂದ್ಸಲ ಬೀಳಿಸ್ಬೇಕು ಅಂತಾನಾ ಇಲ್ಲಿಗೆ ಕರ್ಕೊಂಡು ಬಂದಿದ್ದು? ಅವಳು ಆ ಕಡೆಯಿಂದ ಒಪ್ಪಲ್ಲ."

"ಒಪ್ತಾಳೆ."

"ಕುದುರೆ ವಿಷ್ಯ ನಿನಗೇನೋ ಗೊತ್ತು?"

"ಏನೂ ಗೊತ್ತಿಲ್ಲ," ಎಂದ ವರ್ಲಿನ್. "ಇದೊಂದು ಗೊತ್ತು."

 ಮೇವಿಸ್ ಕೋಲೂರಿಕೊಂಡು ದಿಬ್ಬ ಹತ್ತಿದಳು. ಹೆಲ್ಮೆಟ್ ಕಟ್ಟಿಕೊಂಡಳು. ಬಲಗಾಲು ರಿಕಾಪಿಗೆ ಇಟ್ಟು ಭಾರ ಹಾಕಿದಳು. ಕಾಲು ನಿಂತಿತು. ವರ್ಲಿನ್ ಅವಳ ಎಡಗಾಲನ್ನು ಎರಡು ಕೈಯಲ್ಲಿ ಹಿಡಿದು ಟಿಲ್ಲಿಯ ಬೆನ್ನಿನಾಚೆ ದಾಟಿಸಿದ, ಕಾಲು ಎಳೆದುಕೊಂಡೇ ದಾಟಿತು, ಟಿಲ್ಲಿ ಕಿವಿ ಕೂಡ ಅಲುಗಿಸಲಿಲ್ಲ. ಮೇವಿಸ್ ಜೀನಿನ ಮೇಲೆ ಕೂತಿದ್ದಳು. ವರ್ಲಿನ್ ಆ ಕಡೆಗೆ ಓಡಿ ಅವಳ ಎಡಪಾದವನ್ನು ರಿಕಾಪಿಗೆ ಸೇರಿಸಿದ. ನನ್ನ ಕಣ್ಣು ತುಂಬಿ ಮುಂದಿನದು ಸ್ವಲ್ಪ ಹೊತ್ತು ಸರಿಯಾಗಿ ಕಾಣಲಿಲ್ಲ.

ಅವಳು ಲಗಾಮು ಹಿಡಿದು ನಾಲಗೆಯಿಂದ ಟಕ್ಕೆಂದಳು. ಟಿಲ್ಲಿ ನಡೆಯಲಿಲ್ಲ. ಮತ್ತೆ ಟಕ್ಕೆಂದಳು. ಕುದುರೆ ಕಂಬದ ಹಾಗೆ ನಿಂತೇ ಇತ್ತು. ಮೇವಿಸ್‌ಳ ಹುಬ್ಬು ಗಂಟಾಯಿತು. ಹದಿನೆಂಟು ವರ್ಷ ಸಾಕಿದವಳು, ಆ ಬೆನ್ನಿನಲ್ಲಿ ಏನು ಓಡುತ್ತಿದೆ ಎಂದು ಅವಳಿಗೆ ಗೊತ್ತಾಗದೆ ಇರುತ್ತದೆಯೇ?

"ಇವಳು ನಾನು ಇಳಿಯೋದನ್ನ ಕಾಯ್ತಿದಾಳೆ," ಎಂದಳು ನಿಧಾನವಾಗಿ. "ಯಾರೋ ಹತ್ತಿ ಹತ್ತಿ ಇಳಿದಿದ್ದಾರೆ. ಬರ್ನೀಸ್, ನೀನಾ?"

ನಾನಲ್ಲ ಎಂದು ತಲೆಯಾಡಿಸಿದೆ. ಅವಳು ಗಂಡನ ಕಡೆ ತಿರುಗಿದಳು. ಅವನ ಕಿವಿ ಎರಡೂ ಕೆಂಪಗಾಗಿದ್ದವು.

"ಇಪ್ಪತ್ತು ಎಣಿಸ್ತಿದ್ದೆ," ಎಂದ ನೆಲ ನೋಡುತ್ತಾ. "ಆಮೇಲೆ ಇಳೀತಿದ್ದೆ. ನಡೆಸೋಕೆ ಧೈರ್ಯ ಬರ್ಲಿಲ್ಲ."

"ನಲವತ್ತಾರು ವರ್ಷ," ಎಂದಳು ಮೇವಿಸ್.  "ನಲವತ್ತಾರು ವರ್ಷ ಬಾರೋ ಬಾರೋ ಅಂತ ಬೇಡ್ಕೊಂಡೆ. ಒಂದು ದಿನ ಹತ್ತಲಿಲ್ಲ. ನಾನಿಲ್ಲದಾಗ ಹತ್ತಿದೀಯಾ?"

"ನೀನಿದ್ದಾಗ ನಾನು ಬಿದ್ರೆ ನಗ್ತಿದ್ಯಲ್ಲ."

"ಬಿದ್ಯಾ?"

"ಎರಡು ಸಲ."

ಅವಳು ನಕ್ಕಳು, ಅಳುತ್ತಲೂ ಇದ್ದಳು, ಎರಡಕ್ಕೂ ಒಂದೇ ಉಸಿರು. ಒಂದು ವರ್ಷದಿಂದ ಆ ನಗು ನಾನು ಕೇಳಿರಲಿಲ್ಲ. ಆಮೇಲೆ ಬಗ್ಗಿ ಟಿಲ್ಲಿಯ ಕತ್ತು ಸವರಿ ಅದರ ಕಿವಿಯಲ್ಲಿ ಏನೋ ಹೇಳಿದಳು. ಟಿಲ್ಲಿ ಒಂದು ಹೆಜ್ಜೆ ಇಟ್ಟಿತು.

ನಾನು ಪಕ್ಕದಲ್ಲೇ ಹೋದೆ. ಮಂಜಿನೊಳಗೆ ಕುದುರೆಗಳ ಮೊಣಕಾಲು ಮುಳುಗಿ, ನೀರಿನ ಮೇಲೆ ತೇಲುತ್ತಾ ಹೋಗುತ್ತಿದ್ದೇವೆ ಎನಿಸುತ್ತಿತ್ತು. ನೀರಿನ ಸದ್ದು ಮೊದಲು ಬಂತು, ಆಮೇಲೆ ಹೊಳೆ ಕಂಡಿತು. ಬರ್ಚ್ ತೋಪಿನಲ್ಲಿ ಎಲೆಗಳೆಲ್ಲ ಹಳದಿಯಾಗಿ, ಬೆಳಕೇ ಹಳದಿಯಾಗಿ, ಮೇವಿಸ್‌ಳ ಮುಖವೂ ಹಳದಿಯಾಗಿತ್ತು. ನಾನು ಆ ದಾರಿಯಲ್ಲಿ ಎಂದೂ ಬಂದವಳಲ್ಲ. ಆದರೂ ಪ್ರತಿ ತಿರುವೂ ನನಗೆ ಮೊದಲೇ ಗೊತ್ತಿತ್ತು. ಅವನು ಹಿಮದಲ್ಲಿ ಇಟ್ಟ ಒಂದೊಂದು ಹೆಜ್ಜೆಯ ಮೇಲೆ ನಾವು ಹೋಗುತ್ತಿದ್ದೇವೆ ಎಂದು ಅವಳಿಗೆ ಹೇಳಬೇಕೆನಿಸಿತು. ಆ ಒಂದು ಕೆಂಪು ಚುಕ್ಕೆಯ ಜಾಗ ಬಂದಾಗ "ಬಗ್ಗು" ಎಂದೆ, ಅಷ್ಟೆ. ಒಂದು ಕೊಂಬೆಯೂ ಅವಳ ತಲೆಗೆ ತಾಗಲಿಲ್ಲ.

ಎರಡು ಮೈಲಿಗೆ ಎರಡು ಗಂಟೆ ಹಿಡಿಯಿತು. ತಿರುಗಿ ಬಂದಾಗ ವರ್ಲಿನ್ ನಾವು ಬಿಟ್ಟ ಜಾಗದಲ್ಲೇ ದಿಬ್ಬದ ಮೇಲೆ ನಿಂತಿದ್ದ, ಕೂತೂ ಇರಲಿಲ್ಲ. ಅವಳನ್ನು ಇಳಿಸಿಕೊಂಡ. ಮೇವಿಸ್ ನೆಲಕ್ಕೆ ಕಾಲಿಟ್ಟು ಟಿಲ್ಲಿಗೆ ಒರಗಿ ಉಸಿರು ತೆಗೆದುಕೊಂಡಳು.

"ವಿಸ್ಕಾನ್ಸಿನ್‌ನವರಿಗೆ ಫೋನ್ ಮಾಡು," ಎಂದಳು. "ಸೋಮವಾರ ಬರೋದು ಬೇಡ ಅನ್ನು."

ವರ್ಲಿನ್ ಜೇಬಿನಿಂದ ಫೋನು ತೆಗೆದ. "ಮಾತು ಕೊಟ್ಟಾಗಿದೆ. ಏನಂತ ಹೇಳ್ಲಿ?"

"ನಿಜ ಹೇಳು. ನನ್ನ ಗಂಡ ಕುದುರೆನ ಕೆಡಿಸಿಬಿಟ್ಟಿದಾನೆ, ಬಲಗಡೆಯಿಂದ ಹತ್ತಿಸ್ಕೊಳ್ಳುತ್ತೆ, ಹತ್ತಿದ್ಮೇಲೆ ಇಪ್ಪತ್ತು ಎಣಿಸೋವರೆಗೂ ಅಲ್ಲಾಡಲ್ಲ ಅನ್ನು. ಅವರೇ ಬೇಡ ಅಂತಾರೆ."